ಸ್ಟಾರ್ಟ್ ಅಂದರೆ ಬರೀ ಶುರು ಅಲ್ಲ: ದಾಸರಹಳ್ಳಿ ಬ್ಯಾಚಿನ ನನ್ನ ಅನುಭವ

ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ 'ಸ್ಟಾರ್ಟ್' ಅನ್ನೋ ಒಂದೇ ಕ್ರಿಯಾಪದಕ್ಕೆ ಒಂಬತ್ತು ದಿನ ಕೊಡ್ತೀನಿ ಅಂದಾಗ ಪಕ್ಕದ ಬೀದಿಯ ಟ್ಯೂಷನ್ ಮೇಷ್ಟ್ರು, "ಮೇಡಂ, ಅಷ್ಟರಲ್ಲಿ ಟೆನ್ಸ್ ಎಲ್ಲಾ ಮುಗಿಸಬಹುದು. ಫೀಸ್ ವಾಪಸ್ ಕೇಳ್ತಾರೆ ನೋಡಿ" ಅಂದಿದ್ದರು. ಯಾರೂ ಕೇಳಲಿಲ್ಲ. ಹೋದ ಬ್ಯಾಚಿಗೆ ಸೇರಿದ್ದು ಇಪ್ಪತ್ತೆರಡು ಜನ, ಕೊನೆತನಕ ಬಂದವರು ಹತ್ತೊಂಬತ್ತು.

ನನ್ನಲ್ಲಿಗೆ ಬರುವವರು ಹೆಚ್ಚಿನವರು ಪೀಣ್ಯದ ಫ್ಯಾಕ್ಟರಿ ಹುಡುಗರು. ಸ್ಟಾರ್ಟ್ ಅವರಿಗೆ ಹುಟ್ಟಿದಾಗಿಂದ ಕೇಳಿದ ಪದ. ಆದರೆ ಸ್ಟಾರ್ಟ್, ಬಿಗಿನ್, ಕಮೆನ್ಸ್ ಮೂರಕ್ಕೂ 'ಪ್ರಾರಂಭಿಸು' ಅಂತ ಶಾಲೆಯಲ್ಲಿ ಉರು ಹೊಡೆದಿರುತ್ತಾರೆ. ಅದಕ್ಕೇ ಸೂಪರ್‌ವೈಸರ್ ಮುಂದೆ ನಿಂತು "ದಿ ಮೆಷಿನ್ ಈಸ್ ನಾಟ್ ಬಿಗಿನಿಂಗ್ ಸರ್" ಅಂತಾರೆ. 'ಶುರುವಾಗಿದೆ'ಯನ್ನು ಹಾಗೇ ತಿರುಗಿಸಿ "ಮೀಟಿಂಗ್ ಹ್ಯಾಸ್ ಸ್ಟಾರ್ಟೆಡ್" ಅನ್ನೋ ಬದಲು "ಮೀಟಿಂಗ್ ಈಸ್ ಸ್ಟಾರ್ಟೆಡ್" ಅನ್ನೋದಂತೂ ನಮ್ಮಲ್ಲಿ ಪ್ರತಿ ಬ್ಯಾಚಿನ ರೋಗ.

ಇದನ್ನು ಬಿಡಿಸೋಕೆ ಮೊದಲು ಚಾರ್ಟ್ ಮಾಡಿದೆ. ಬಣ್ಣದ ಪ್ರಿಂಟು, ಮುನ್ನೂರು ಪ್ರತಿ, ಎರಡೂವರೆ ಸಾವಿರದ ಹತ್ತಿರ ಹೋಯಿತು. ಹುಡುಗರು ಮಡಚಿ ಬ್ಯಾಗಿಗೆ ಹಾಕಿಕೊಂಡರು, ಮತ್ತೆ ತೆಗೆಯಲೇ ಇಲ್ಲ. ಆಮೇಲೆ ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಐದು ರೂಪಾಯಿ ದಂಡ ಅಂತ ಮಾಡಿದೆ. ಆ ಬ್ಯಾಚು ಹದಿನೆಂಟರಿಂದ ಏಳಕ್ಕೆ ಇಳಿಯಿತು. ರೂಮಿನ ಬಾಡಿಗೆ ಆರೂವರೆ ಸಾವಿರ. ಎರಡು ತಿಂಗಳು ಚೀಟಿ ದುಡ್ಡಿನಿಂದ ಕಟ್ಟಿದೆ. ಆ ದಿನಗಳಲ್ಲಿ ನಿದ್ದೆ ಬರುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಮೆಟ್ಟಿಲ ಕೆಳಗೆ. ಮಳೆ ನಿಂತಿತ್ತು, ಒಬ್ಬ ಹುಡುಗ ತನ್ನಪ್ಪನ ಹಳೇ ಸ್ಕೂಟರಿಗೆ ಒದೆಯುತ್ತಿದ್ದ. ಏಳೆಂಟು ಸಲ ಒದ್ದ ಮೇಲೆ ಕಿಕ್ಕರ್ ವಾಪಸ್ ಹೊಡೆದು ಅವನು ಬೆಚ್ಚಿಬಿದ್ದು ಹಿಂದಕ್ಕೆ ಹಾರಿದ. ಗಾಡಿ ಮಾತ್ರ ಗುಡುಗುಡು ಅಂತ ಹತ್ತಿಕೊಂಡಿತು. ಸ್ಟಾರ್ಟ್ ಪದದ ಹಳೇ ಅರ್ಥವೇ ಅದು: ತಟ್ಟನೆ ನೆಗೆ, ಬೆಚ್ಚು. ಸ್ಟಾರ್ಟಲ್ ಕೂಡ ಅದೇ ಬೇರಿನದು. 'ಶುರು ಮಾಡು' ಅನ್ನೋ ಅರ್ಥ ಬಂದದ್ದು ಎಷ್ಟೋ ಕಾಲದ ಮೇಲೆ. ಅಂದರೆ ಈ ಪದದ ಒಳಗೆ ಒಂದು ಜರ್ಕ್ ಇದೆ. ಬಿಗಿನ್‌ನಲ್ಲಿ ಅದಿಲ್ಲ. ಕಥೆ ಬಿಗಿನ್ ಆಗಬಹುದು, ಸ್ಟಾರ್ಟೂ ಆಗಬಹುದು. ಎಂಜಿನ್ ಬಿಗಿನ್ ಆಗೋದಿಲ್ಲ. ಕಮೆನ್ಸ್ ಫ್ರೆಂಚಿನಿಂದ ಬಂದದ್ದು, ಅದು ಇವತ್ತಿಗೂ ಆರ್ಡರ್ ಕಾಪಿಯ, ಟೆಂಡರ್ ನೋಟಿಸಿನ ಪದ.

ಮಾರನೇ ದಿನ ದಂಡ ತೆಗೆದುಹಾಕಿದೆ. ಮನೆಯಲ್ಲಿ ಏನಂತೀರೋ ಅದನ್ನೇ ಹೇಳಿ ಅಂದೆ. ಬಸ್ಸು ಆರಕ್ಕೆ ಬಿಡುತ್ತೆ, ನಾವು ಬೆಳಗ್ಗೆ ಹೊರಡ್ತೀವಿ, ಒಲೆ ಹತ್ತಿತು, ಮಳೆ ಹಿಡಿಯಿತು, ಮಗು ಅಳೋಕೆ ಶುರು ಮಾಡ್ತು. ಹುಬ್ಬಳ್ಳಿ ಕಡೆಯ ಹುಡುಗ "ನಮ್ಮಲ್ಲಿ ಅಳಾಕ ಹತ್ತಿತು ಅಂತೀವ್ರಿ" ಅಂದ. ಇಷ್ಟೆಲ್ಲಾ ಕಡೆ ಇಂಗ್ಲಿಷಿನವರು ಸ್ಟಾರ್ಟ್ ಒಂದನ್ನೇ ತಂದು ನಿಲ್ಲಿಸಬಲ್ಲರು. 'ಶುರು' ಒಂದಕ್ಕೇ ಅದನ್ನು ಕಟ್ಟಿಹಾಕಿದ್ದೇ ನಮ್ಮ ತಪ್ಪು. ಒಂದೊಂದು ಕನ್ನಡ ಮಾತಿಗೆ ಒಂದೊಂದು ರಟ್ಟಿನ ಕಾರ್ಡ್ ಮಾಡಿದೆ, ಸುಮಾರು ನಲವತ್ತು. ಖರ್ಚು ಇನ್ನೂರು ರೂಪಾಯಿಯೂ ಇಲ್ಲ.

ಮಧ್ಯೆ ಬೇರೆ ದಾರಿಗೂ ಹೋದೆವು. ಮಂಡ್ಯ ಕಡೆಯ ಹುಡುಗ "ನಮ್ಮಪ್ಪ ಆರಂಭ ಮಾಡ್ತಾರೆ" ಅಂದಾಗ ಬೆಂಗಳೂರಿನವರು "ಏನನ್ನ?" ಅಂದರು. ಬೇಸಾಯಕ್ಕೇ ಆರಂಭ ಅನ್ನೋದು, ರೈತನಿಗೆ ಆರಂಭಗಾರ ಅನ್ನೋದು ಅರ್ಧ ಕ್ಲಾಸಿಗೆ ಗೊತ್ತಿರಲಿಲ್ಲ. ಆ ಸಂಜೆ ಇಂಗ್ಲಿಷ್ ನಡೆಯಲೇ ಇಲ್ಲ, ನನಗೆ ಬೇಸರವೂ ಆಗಲಿಲ್ಲ. ಇನ್ನೊಂದು ದಿನ ಸ್ಟಾರ್ಟರ್ ಹಿಡಿದೆವು: ಟ್ಯೂಬ್‌ಲೈಟಿನದು, ಬೋರ್‌ವೆಲ್ ಮೋಟರಿನದು, ಹೋಟೆಲ್ ಮೆನುವಿನ ಗೋಬಿ. 'ಸೆಲ್ಫ್ ಹೊಡಿ' ಅಂತೀವಲ್ಲ, ಆ ಸೆಲ್ಫ್ ಎಲ್ಲಿಂದ ಬಂತು ಅಂತ ಯಾರೂ ಯೋಚಿಸಿರಲಿಲ್ಲ. ಸೆಲ್ಫ್ ಸ್ಟಾರ್ಟರ್‌ನ ತುಂಡು ಅದು. ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅದಕ್ಕೆ ಮೊದಲು ಸಾಮಾನ್ಯವಾಗಿ ಮುಂದೆ ನಿಂತು ಕೈಯಲ್ಲಿ ಹ್ಯಾಂಡಲ್ ತಿರುಗಿಸಬೇಕಿತ್ತು, ಅದು ತಿರುಗಿ ಹೊಡೆದು ಕೈ ಮುರಿದದ್ದೂ ಉಂಟು. ಫ್ಯಾಕ್ಟರಿ ಹುಡುಗರು ಇದನ್ನು ಕಣ್ಣರಳಿಸಿ ಕೇಳಿದರು.

ಒಂದು ಕಡೆ ಮಾತ್ರ ಬಿಗಿ ಹಿಡಿಯಿರಿ. 'ಸ್ಟಾರ್ಟಿಂಗ್' ಆದಮೇಲೆ ಇನ್ನೊಂದು 'ಇಂಗ್' ತರಿಸಬೇಡಿ: 'ಸ್ಟಾರ್ಟಿಂಗ್ ರೇನಿಂಗ್' ಅಲ್ಲ, ಇಟ್ ಈಸ್ ಸ್ಟಾರ್ಟಿಂಗ್ ಟು ರೇನ್. ಇದಕ್ಕೆ ಎರಡು ದಿನ ಹಿಡಿಯಿತು.

'ಈಸ್ ಸ್ಟಾರ್ಟೆಡ್' ರೋಗ ಬಿಟ್ಟದ್ದು ಕೊನೆಯ ಮೂರು ದಿನ ಆಡಿಸಿದ ಒಂದು ಆಟದಿಂದ. ಅದನ್ನಿಲ್ಲಿ ಬರೆಯೋಲ್ಲ, ಅದು ನನ್ನ ಅನ್ನ. ಹೋದ ವಾರ ಆ ಮೇಷ್ಟ್ರು ಬಂದು ಕಾರ್ಡ್ ಕೇಳಿದರು. ಜೆರಾಕ್ಸ್ ಮಾಡಿಸಿಕೊಳ್ಳಿ ಅಂತ ನಲವತ್ತೂ ಕೊಟ್ಟೆ. "ಆಟ ಯಾವುದು ಮೇಡಂ?" ಅಂದರು. ಟೀ ಕುಡಿಸಿ ಕಳಿಸಿದೆ.