ಪಕ್ಕದ ಮನೆಯವರ ಕೈಗೆ ನಾಯಿ ಕೊಡುವ ಮುಂಚೆ

ಪಕ್ಕದ ಮನೆಯವರು ನಿಮ್ಮ ನಾಯಿಯನ್ನು ವಾಕಿಂಗ್ ಕರ್ಕೊಂಡು ಹೋಗ್ತೀವಿ ಅಂದರೆ ಖುಷಿಯಾಗಿ ಒಪ್ಪಿಕೊಳ್ಳಿ. ಮೊದಲ ಕೆಲವು ದಿನ ಮಾತ್ರ ನೀವೂ ಜೊತೆಗಿರಿ. ಬೀದಿನಾಯಿ ಎದುರಾದಾಗ ನಿಮ್ಮ ನಾಯಿ ಹೇಗೆ ಎಳೆಯುತ್ತದೆ ಅಂತ ಅವರು ಕಣ್ಣಾರೆ ನೋಡಲಿ. ಕತ್ತಿನ ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟೇ ಜಾಗ ಇರಲಿ. ಜಾಸ್ತಿ ಸಡಿಲವಾದರೆ ಹೆದರಿದ ನಾಯಿ ಹಿಂದಕ್ಕೆ ಜಗ್ಗಿ, ತಲೆ ಬಿಡಿಸಿಕೊಂಡು ಓಡಿಬಿಡುತ್ತದೆ.

ಏನು ತಿನ್ನಿಸಬಾರದು ಅಂತ ಹೇಳಲು ಸಂಕೋಚ ಬೇಡ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಹಾಕಿದ ಪಲ್ಯ ನಾಯಿಗೆ ವಿಷ. ಕೇಸರಿಬಾತಿನ ಒಣದ್ರಾಕ್ಷಿಯೂ ಅಷ್ಟೇ. ಪ್ರೀತಿಯಿಂದಲೇ ಕೊಡುತ್ತಾರೆ, ಅದಕ್ಕೇ ಮೊದಲೇ ಹೇಳಬೇಕು ಅಲ್ವಾ?

ಬೇಸಿಗೆಯಲ್ಲಿ ಡಾಂಬರಿನ ಮೇಲೆ ಕೈ 7 ಸೆಕೆಂಡ್ ಇಡಲು ಆಗದಿದ್ದರೆ ಬಿಸಿಲು ಇಳಿಯುವವರೆಗೆ ಕಾಯಲಿ. ರೇಬಿಸ್ ಲಸಿಕೆ ಕಾರ್ಡಿನ ಫೋಟೋ, ಡಾಕ್ಟರ್ ನಂಬರ್ ಅವರ ಮೊಬೈಲಿಗೂ ಕಳಿಸಿಡಿ.