ಸಂಸತ್ತಿನಲ್ಲಿ ಮಾದಕ ವಸ್ತುಗಳ ಚರ್ಚೆ: ಅದನ್ನು ಹಿಂಬಾಲಿಸಿ ಓದುವ ಕ್ರಮ

ಸಂಸತ್ತಿನ ಅಧಿವೇಶನ ನಡೆಯುವಾಗ ಮಾದಕ ವಸ್ತುಗಳ ಪ್ರಸ್ತಾಪ ಒಂದಲ್ಲ ಒಂದು ಸದನದಲ್ಲಿ ಬರುತ್ತಲೇ ಇರುತ್ತದೆ. ಮರುದಿನ ಸುದ್ದಿಯಲ್ಲಿ ಎಷ್ಟು ಕಿಲೊ ವಶವಾಯಿತು, ಅದರ ಬೆಲೆ ಎಷ್ಟು ಕೋಟಿ ಎಂಬ ಸಾಲು ಉಳಿಯುತ್ತದೆ. ಸರ್ಕಾರ ಏನು ಮಾಡಲು ಒಪ್ಪಿತು, ಕಾನೂನಿನ ಯಾವ ಕಲಂ ಬದಲಾಯಿತು, ಚಿಕಿತ್ಸೆಗೆ ಹಣ ಬಂತೇ ಎಂಬುದು ಬಹುಪಾಲು ಓದುಗರನ್ನು ತಲುಪುವುದೇ ಇಲ್ಲ. ಮಗನನ್ನು ಚಟದಿಂದ ಬಿಡಿಸಲು ಹೆಣಗುವ ತಾಯಿಗೆ, ಕಾಲೇಜಿನ ಅಧ್ಯಾಪಕರಿಗೆ, ಆಪ್ತಸಮಾಲೋಚಕರಿಗೆ, ಜಿಲ್ಲಾ ವರದಿಗಾರರಿಗೆ ನಿಜವಾಗಿ ಬೇಕಾದದ್ದು ಆ ತಲುಪದ ಭಾಗ. ದಾಖಲೆಗಳೆಲ್ಲ ಸಾರ್ವಜನಿಕವಾಗಿಯೇ ಇರುವುದರಿಂದ, ಎಲ್ಲಿ ನೋಡಬೇಕು ಮತ್ತು ಹೇಗೆ ಓದಬೇಕು ಎಂದು ತಿಳಿದರೆ ಯಾರು ಬೇಕಾದರೂ ಅದನ್ನು ಹುಡುಕಿ ತೆಗೆಯಬಹುದು.

ಮೊದಲು ಉತ್ತರಿಸುವವರು ಯಾರೆಂದು ನೋಡಿ

ಯಾವುದೇ ಪ್ರಶ್ನೆ ಅಥವಾ ಚರ್ಚೆಯನ್ನು ಓದುವ ಮುನ್ನ ಅದು ಯಾವ ಸಚಿವಾಲಯಕ್ಕೆ ಹೋಗಿದೆ ಎಂದು ಗುರುತಿಸಿಕೊಳ್ಳಿ. ಮಾದಕ ಔಷಧ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆಯ ಆಡಳಿತ ಹಣಕಾಸು ಸಚಿವಾಲಯದ ಕಂದಾಯ ಇಲಾಖೆಯದು. 1986ರಲ್ಲಿ ರಚನೆಯಾದ ಮಾದಕ ವಸ್ತು ನಿಯಂತ್ರಣ ಬ್ಯೂರೊ, ಅಂದರೆ ಎನ್‌ಸಿಬಿ, ಗೃಹ ಸಚಿವಾಲಯದ ಕೆಳಗಿದೆ. ವ್ಯಸನ ತಡೆ, ಜಾಗೃತಿ ಮತ್ತು ಪುನರ್ವಸತಿ ಕೇಂದ್ರಗಳ ಅನುದಾನ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಕೆಲಸ. ಆಸ್ಪತ್ರೆಗಳಲ್ಲಿನ ವ್ಯಸನ ಚಿಕಿತ್ಸೆ ಆರೋಗ್ಯ ಸಚಿವಾಲಯಕ್ಕೆ ಸೇರುತ್ತದೆ. ಹೀಗಾಗಿ ಒಂದೇ ಸಮಸ್ಯೆಯನ್ನು ಗೃಹ ಸಚಿವರಿಗೆ ಕೇಳಿದರೆ ದಾಳಿ ಮತ್ತು ಬಂಧನಗಳ ಪಟ್ಟಿ ಸಿಗುತ್ತದೆ. ಸಾಮಾಜಿಕ ನ್ಯಾಯ ಸಚಿವರಿಗೆ ಕೇಳಿದರೆ 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಆರಂಭವಾದ ನಶಾ ಮುಕ್ತ ಭಾರತ ಅಭಿಯಾನದ ವಿವರ ಸಿಗುತ್ತದೆ. ಎರಡೂ ಸರಿಯಾದ ಉತ್ತರಗಳೇ, ಆದರೆ ಒಂದನ್ನಷ್ಟೇ ಓದಿದವರು ಸರ್ಕಾರದ ನೀತಿ ಅಷ್ಟೇ ಎಂದು ತಿಳಿದುಬಿಡುತ್ತಾರೆ. ನಮ್ಮ ಸಾರ್ವಜನಿಕ ಚರ್ಚೆ ಪೊಲೀಸ್ ಕ್ರಮದ ಕಡೆಗೇ ವಾಲಿರುವುದಕ್ಕೆ ಇದು ದೊಡ್ಡ ಕಾರಣವೆಂದು ನಾನು ಭಾವಿಸುತ್ತೇನೆ.

ಇದರ ಜೊತೆಗೆ ಸಂವಿಧಾನದ ಏಳನೇ ಅನುಸೂಚಿಯ ಹಂಚಿಕೆಯನ್ನೂ ಮನಸ್ಸಿನಲ್ಲಿಡಬೇಕು. ಔಷಧ ಮತ್ತು ವಿಷವಸ್ತುಗಳು ಸಮವರ್ತಿ ಪಟ್ಟಿಯ 19ನೇ ಬಾಬಿನಲ್ಲಿವೆ. ಅಫೀಮಿನ ಕೃಷಿ, ತಯಾರಿಕೆ ಮತ್ತು ರಫ್ತಿಗಾಗಿ ಮಾರಾಟ ಕೇಂದ್ರ ಪಟ್ಟಿಯಲ್ಲಿದೆ. ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ, ಸಾರ್ವಜನಿಕ ಆರೋಗ್ಯ ರಾಜ್ಯಗಳವು. ಬೆಂಗಳೂರಿನ ಯಾವುದೋ ಠಾಣೆಯ ತನಿಖೆಯ ಬಗ್ಗೆ ದೆಹಲಿಯಲ್ಲಿ ಕೇಳಿದರೆ ‘ಇದು ರಾಜ್ಯದ ವಿಷಯ’ ಎಂಬ ಉತ್ತರ ಬರುವುದು ಇದೇ ಕಾರಣಕ್ಕೆ, ಆ ಪ್ರಶ್ನೆಯನ್ನು ಕರ್ನಾಟಕದ ವಿಧಾನಮಂಡಲದಲ್ಲಿ ಕೇಳಬೇಕು. ಅದೇ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಆರೋಗ್ಯ ಸಚಿವಾಲಯದ ವ್ಯಾಪ್ತಿಯ ಸಂಸ್ಥೆಯಾದ್ದರಿಂದ, ಅಲ್ಲಿನ ವ್ಯಸನ ಚಿಕಿತ್ಸಾ ವಿಭಾಗದ ಹಾಸಿಗೆಗಳ ಬಗೆಗಿನ ಪ್ರಶ್ನೆಗೆ ಸಂಸತ್ತಿನಲ್ಲಿಯೇ ಉತ್ತರ ಪಡೆಯಬಹುದು.

ವಿಷಯ ಸದನಕ್ಕೆ ಬರುವ ದಾರಿಗಳು

ಹೆಚ್ಚು ಮಾಹಿತಿ ಹೊರಬರುವುದು ಪ್ರಶ್ನೆಗಳಿಂದ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸುತ್ತಾರೆ, ಸದಸ್ಯರು ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಲೋಕಸಭೆಯಲ್ಲಿ ದಿನಕ್ಕೆ ಇಂಥವು 20 ಮಾತ್ರ. ಚುಕ್ಕೆ ರಹಿತ ಪ್ರಶ್ನೆಗಳಿಗೆ ಲಿಖಿತ ಉತ್ತರವಷ್ಟೇ ಇರುತ್ತದೆ, ಲೋಕಸಭೆಯಲ್ಲಿ ದಿನಕ್ಕೆ 230ರವರೆಗೆ ಪಟ್ಟಿಯಾಗುತ್ತವೆ. ಸುದ್ದಿಯಾಗುವುದು ಮೊದಲನೆಯದು, ಆದರೆ ರಾಜ್ಯವಾರು ಕೋಷ್ಟಕ, ಬಿಡುಗಡೆಯಾದ ಅನುದಾನ ಮತ್ತು ಕೇಂದ್ರಗಳ ಸಂಖ್ಯೆ ಸಾಮಾನ್ಯವಾಗಿ ಸಿಗುವುದು ಎರಡನೆಯದರ ಅನುಬಂಧಗಳಲ್ಲಿ. ಆದ್ದರಿಂದ ಸಂಸತ್ತಿನ ಜಾಲತಾಣದಲ್ಲಿ ಸಚಿವಾಲಯ ಮತ್ತು ವಿಷಯದ ಹೆಸರಿನಿಂದ ಲಿಖಿತ ಉತ್ತರಗಳನ್ನೇ ಮೊದಲು ಹುಡುಕಿ, ಉತ್ತರದ ಪಠ್ಯವನ್ನಷ್ಟೇ ಓದಿ ನಿಲ್ಲಿಸದೆ ಅನುಬಂಧವನ್ನು ತೆರೆಯಿರಿ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು’ ಎಂಬ ಸಾಲು ಕಂಡರೆ ಅದನ್ನು ನುಣುಚಿಕೆಯೆಂದು ಬಿಟ್ಟುಬಿಡಬೇಡಿ. ಅದು ಸರ್ಕಾರದ ಭರವಸೆಯೆಂದು ಪರಿಗಣಿತವಾಗುತ್ತದೆ, ಅದನ್ನು 3 ತಿಂಗಳೊಳಗೆ ಈಡೇರಿಸಬೇಕೆಂಬ ಕ್ರಮವಿದೆ, ಈಡೇರಿತೇ ಎಂದು ನೋಡಲು ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿಗಳಿವೆ.

ಶೂನ್ಯವೇಳೆಯಲ್ಲಿ ಸದಸ್ಯರು ತಮ್ಮ ಕ್ಷೇತ್ರದ ತುರ್ತು ಸಂಗತಿಯನ್ನು ಎತ್ತುತ್ತಾರೆ, ಆದರೆ ಸಚಿವರು ಅಲ್ಲೇ ಉತ್ತರಿಸಬೇಕೆಂಬ ಕಡ್ಡಾಯವಿಲ್ಲ. ಲೋಕಸಭೆಯ 377ನೇ ನಿಯಮದ ಪ್ರಸ್ತಾಪಗಳು ಮತ್ತು ರಾಜ್ಯಸಭೆಯ ವಿಶೇಷ ಪ್ರಸ್ತಾಪಗಳು ದಾಖಲೆಗೆ ಸೇರುತ್ತವೆ, ಉತ್ತರ ಪತ್ರದ ಮೂಲಕ ಬರುತ್ತದೆ.

193ನೇ ನಿಯಮದ ಅಲ್ಪಾವಧಿ ಚರ್ಚೆಯ ತೂಕ ಬೇರೆ. 2022ರ ಡಿಸೆಂಬರಿನಲ್ಲಿ ದೇಶದ ಮಾದಕ ವಸ್ತು ಸಮಸ್ಯೆಯ ಕುರಿತು ಲೋಕಸಭೆಯಲ್ಲಿ ಇಂಥ ಚರ್ಚೆ ನಡೆದು, ಡಿಸೆಂಬರ್ 21ರಂದು ಗೃಹ ಸಚಿವ ಅಮಿತ್ ಶಾ ಉತ್ತರಿಸಿದರು. ಮಾದಕ ವಸ್ತು ಸೇವಿಸುವವರನ್ನು ಬಲಿಪಶುಗಳೆಂದು ನೋಡಬೇಕು, ಸಾಗಣೆದಾರರನ್ನು ಬಿಡಬಾರದು ಎಂಬುದು ಅವರ ಮಾತಿನ ತಿರುಳಾಗಿತ್ತು. ಇಂಥ ಚರ್ಚೆಯ ಕೊನೆಯಲ್ಲಿ ಮತದಾನ ಇರುವುದಿಲ್ಲ, ಆದ್ದರಿಂದ ಸಚಿವರ ಹೇಳಿಕೆ ಸರ್ಕಾರದ ನಿಲುವನ್ನು ತಿಳಿಸುತ್ತದೆಯೇ ಹೊರತು ಕಾನೂನನ್ನು ಬದಲಿಸುವುದಿಲ್ಲ. ಸೇವನೆಯನ್ನೇ ಅಪರಾಧವಾಗಿಸುವ 27ನೇ ಕಲಂ ಆ ಚರ್ಚೆಯ ನಂತರವೂ ಕಾಯ್ದೆಯಲ್ಲಿ ಹಾಗೆಯೇ ಉಳಿಯಿತು. ಸದನದ ಮಾತಿಗೂ ಕಾನೂನಿನ ಪಠ್ಯಕ್ಕೂ ನಡುವಿನ ಈ ಅಂತರವನ್ನು ಅಳೆಯುವುದು ಈ ಓದಿನ ಮುಖ್ಯ ಕೆಲಸ.

ಸ್ಥಾಯಿ ಸಮಿತಿಗಳ ವರದಿಗಳನ್ನು ಬಿಡದೆ ಓದಿ. ಯುವಜನರಲ್ಲಿ ಮಾದಕ ವಸ್ತು ಬಳಕೆಯ ಕುರಿತು ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸ್ಥಾಯಿ ಸಮಿತಿ 2023ರಲ್ಲಿ ಒಂದು ವರದಿ ಕೊಟ್ಟಿತು. ಸಮಿತಿಯ ಮುಂದೆ ಅಧಿಕಾರಿಗಳೇ ಸಾಕ್ಷ್ಯ ನುಡಿಯುತ್ತಾರೆ, ಪಕ್ಷಗಳ ವಾಗ್ವಾದ ಕಡಿಮೆ, ಶಿಫಾರಸುಗಳಿಗೆ ಸಚಿವಾಲಯ ಉತ್ತರಿಸಲೇಬೇಕು, ಆ ಉತ್ತರಗಳ ಮೇಲೆ ಮತ್ತೊಂದು ವರದಿ ಬರುತ್ತದೆ. ಶಿಫಾರಸು ಮತ್ತು ಉತ್ತರ ಎರಡನ್ನೂ ಎದುರುಬದುರು ಇಟ್ಟು ಓದಿದರೆ ಯಾವುದನ್ನು ಒಪ್ಪಿದರು, ಯಾವುದನ್ನು ‘ಪರಿಶೀಲನೆಯಲ್ಲಿದೆ’ ಎಂದು ಬದಿಗಿಟ್ಟರು ಎಂಬುದು ಸ್ಪಷ್ಟವಾಗುತ್ತದೆ.

ಖಾಸಗಿ ಸದಸ್ಯರ ವಿಧೇಯಕಗಳು ಕಾನೂನಾಗುವುದು ಬಲು ಅಪರೂಪ, ಕೊನೆಯದಾಗಿ ಒಂದು ಅಂಗೀಕಾರವಾದದ್ದು 1970ರಲ್ಲಿ. ಆದರೂ 16ನೇ ಲೋಕಸಭೆಯಲ್ಲಿ ಪಟಿಯಾಲದ ಸಂಸದ ಧರ್ಮವೀರ ಗಾಂಧಿ, ಅಫೀಮು ಮತ್ತು ಗಾಂಜಾದಂಥ ಸಸ್ಯಜನ್ಯ ಮಾದಕಗಳನ್ನು ರಾಸಾಯನಿಕ ಮಾದಕಗಳಿಂದ ಬೇರೆಯಾಗಿ ಕಾಣಬೇಕೆಂದು ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಸೂಚಿಸಿದ್ದು, ಪಂಜಾಬಿನ ಅನುಭವದಿಂದ ಹುಟ್ಟಿದ ಒಂದು ವಾದವನ್ನು ದಾಖಲೆಗೆ ತಂದಿತು.

ಕಾಯ್ದೆಯ ಪಠ್ಯವನ್ನು ಕೈಯಲ್ಲಿ ಹಿಡಿದು ಓದಿ

ಎನ್‌ಡಿಪಿಎಸ್ ಮಸೂದೆ ಲೋಕಸಭೆಯಲ್ಲಿ ಮಂಡನೆಯಾದದ್ದು 1985ರ ಆಗಸ್ಟ್‌ನಲ್ಲಿ. ಸೆಪ್ಟೆಂಬರ್ 16ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದು ನವೆಂಬರ್ 14ರಂದು ಜಾರಿಗೆ ಬಂತು. ಇಷ್ಟು ದೊಡ್ಡ ಕಾನೂನಿಗೆ ಸಂಸತ್ತು ಕೊಟ್ಟ ಸಮಯ ಕೆಲವೇ ವಾರಗಳು. ಹಿಂದೆ ಇದ್ದವು 1857 ಮತ್ತು 1878ರ ಅಫೀಮು ಕಾಯ್ದೆಗಳು, 1930ರ ಅಪಾಯಕಾರಿ ಔಷಧಗಳ ಕಾಯ್ದೆ. 1961ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಬದ್ಧವಾಗಿದ್ದು, ಗಾಂಜಾದ ಔಷಧೇತರ ಬಳಕೆಯನ್ನು ನಿಲ್ಲಿಸಲು ಅದರಲ್ಲಿ ಕೊಟ್ಟಿದ್ದ 25 ವರ್ಷಗಳ ಅವಧಿ ಮುಗಿಯುತ್ತ ಬಂದಿತ್ತು. ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ ಎಂದು ವ್ಯಾಖ್ಯಾನಿಸಿ, ತುದಿಯಿಲ್ಲದ ಎಲೆ ಮತ್ತು ಬೀಜವನ್ನು ಹೊರಗಿಟ್ಟದ್ದರಿಂದ ಎಲೆಯಿಂದ ಮಾಡುವ ಭಂಗಿ (ಭಾಂಗ್) ಕೇಂದ್ರ ಕಾಯ್ದೆಯ ಹೊರಗೆ ಉಳಿಯಿತು. ಈ ವ್ಯಾಖ್ಯಾನವನ್ನು ಓದದೆ ಗಾಂಜಾ ಕುರಿತ ಯಾವ ಚರ್ಚೆಗೂ ಇಳಿಯಬಾರದು.

ನಂತರದ ತಿದ್ದುಪಡಿಗಳನ್ನು ವರ್ಷದ ಕ್ರಮದಲ್ಲಿ ನೋಡಿ. 1989ರಲ್ಲಿ ಕಾನೂನು ಇನ್ನಷ್ಟು ಕಠಿಣವಾಗಿ, ಕೆಲವು ಪುನರಾವರ್ತಿತ ಅಪರಾಧಗಳಿಗೆ ಮರಣದಂಡನೆ ಸೇರಿತು. 2001ರಲ್ಲಿ ಶಿಕ್ಷೆಯನ್ನು ಪ್ರಮಾಣಕ್ಕೆ ಜೋಡಿಸಿದರು. ಗಾಂಜಾಕ್ಕೆ 1 ಕಿಲೊವರೆಗೆ ಅಲ್ಪ ಪ್ರಮಾಣ, 20 ಕಿಲೊ ದಾಟಿದರೆ ವಾಣಿಜ್ಯ ಪ್ರಮಾಣ. ಹೆರಾಯಿನ್‌ಗೆ ಇದೇ ಮಿತಿಗಳು 5 ಗ್ರಾಂ ಮತ್ತು 250 ಗ್ರಾಂ. ವಾಣಿಜ್ಯ ಪ್ರಮಾಣವಾದರೆ 37ನೇ ಕಲಮಿನ ಕಠಿಣ ಷರತ್ತುಗಳಿಂದ ಜಾಮೀನು ಸಿಗುವುದು ತೀರ ಕಷ್ಟ. ಸದನದಲ್ಲಿ ಯಾರಾದರೂ ‘ಮಾದಕ ಪ್ರಕರಣಗಳು ಹೆಚ್ಚಿವೆ’ ಎಂದರೆ, ಯಾವ ಪ್ರಮಾಣದವು ಎಂದು ನೀವು ಕೇಳಿಕೊಳ್ಳಬೇಕಾದದ್ದು ಇದಕ್ಕಾಗಿ.

2014ರ ತಿದ್ದುಪಡಿ ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲಿ ಅತ್ಯಂತ ಮಾನವೀಯವಾದದ್ದು, ಅತ್ಯಂತ ಕಡಿಮೆ ಗಮನ ಪಡೆದದ್ದೂ ಹೌದು. 1985ರ ಕಾನೂನಿನ ಭಯದಿಂದ ಮತ್ತು ಪ್ರತಿ ರಾಜ್ಯದಲ್ಲೂ ಬೇಕಾಗುತ್ತಿದ್ದ ಹಲವು ಪರವಾನಗಿಗಳಿಂದ ಅನೇಕ ಆಸ್ಪತ್ರೆಗಳು, ಅಫೀಮಿನಿಂದ ತಯಾರಾಗುವ ನೋವು ನಿವಾರಕವಾದ ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಕೈಬಿಟ್ಟಿದ್ದವು. ಔಷಧಕ್ಕಾಗಿ ಅಫೀಮು ಬೆಳೆಯಲು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ರೈತರಿಗೆ ಸರ್ಕಾರವೇ ಪರವಾನಗಿ ಕೊಡುವ ಈ ದೇಶದಲ್ಲಿ, ಕ್ಯಾನ್ಸರಿನ ಕೊನೆಯ ಹಂತದ ರೋಗಿಗೆ ನೋವು ನಿವಾರಕ ಸಿಗುತ್ತಿರಲಿಲ್ಲ. ಮದ್ಯ ಮತ್ತು ಮಾದಕಗಳ ನಿಷೇಧದತ್ತ ಸಾಗಬೇಕೆನ್ನುವ ಸಂವಿಧಾನದ 47ನೇ ವಿಧಿಯೇ ಔಷಧದ ಬಳಕೆಗೆ ವಿನಾಯಿತಿ ಇಟ್ಟಿದೆ ಎಂಬುದನ್ನು ಮರೆತಂತಾಗಿತ್ತು. ಉಪಶಾಮಕ ಆರೈಕೆಯ ವೈದ್ಯರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ‘ಅಗತ್ಯ ಮಾದಕ ಔಷಧ’ ಎಂಬ ಹೊಸ ವರ್ಗ ಸೇರಿ, ದೇಶಕ್ಕೆಲ್ಲ ಒಂದೇ ನಿಯಮ ಬಂತು. ನಿಮ್ಮ ಜಿಲ್ಲೆಯಲ್ಲಿ ಮಾರ್ಫಿನ್ ಕೊಡಲು ಮಾನ್ಯತೆ ಪಡೆದ ಆಸ್ಪತ್ರೆಗಳು ಎಷ್ಟಿವೆ ಎಂಬುದು ಮಾದಕ ನೀತಿಯ ಪ್ರಶ್ನೆಯೇ.

ಅದೇ ತಿದ್ದುಪಡಿಯಲ್ಲಿ ಒಂದು ಕರಡು ದೋಷವೂ ನುಸುಳಿತ್ತು. ಹೊಸ ವ್ಯಾಖ್ಯಾನ ಸೇರಿದಾಗ 2ನೇ ಕಲಮಿನ ಒಂದು ಖಂಡದ ಕ್ರಮಸಂಖ್ಯೆ ಬದಲಾಯಿತು, ಆದರೆ ಅಕ್ರಮ ಸಾಗಣೆಗೆ ಹಣ ಒದಗಿಸುವುದನ್ನು ಶಿಕ್ಷಿಸುವ 27ಎ ಕಲಂ ಹಳೆಯ ಸಂಖ್ಯೆಯನ್ನೇ ಉಲ್ಲೇಖಿಸುತ್ತ ಉಳಿಯಿತು. ತ್ರಿಪುರಾ ಹೈಕೋರ್ಟ್ ಇದನ್ನು ಎತ್ತಿ ತೋರಿಸಿದ ಮೇಲೆ 2021ರ ಸೆಪ್ಟೆಂಬರ್ 30ರಂದು ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಮಸೂದೆ ಅಂಗೀಕಾರವಾಯಿತು. ತಿದ್ದುಪಡಿಯನ್ನು 2014ರ ಮೇ 1ರಿಂದಲೇ ಪೂರ್ವಾನ್ವಯಗೊಳಿಸಿದ್ದು, ಕೃತ್ಯ ನಡೆದಾಗ ಇಲ್ಲದ ಕಾನೂನಿನಡಿ ಶಿಕ್ಷಿಸಬಾರದೆನ್ನುವ ಸಂವಿಧಾನದ 20ನೇ ವಿಧಿಗೆ ಹೊಂದುತ್ತದೆಯೇ ಎಂದು ಸದಸ್ಯರು ಪ್ರಶ್ನಿಸಿದರು. ಮಸೂದೆಯನ್ನು ಯಾವಾಗಲೂ ಮೂಲ ಕಾಯ್ದೆಯ ಪಕ್ಕದಲ್ಲಿಟ್ಟು ಸಂಖ್ಯೆಗೆ ಸಂಖ್ಯೆ ಹೋಲಿಸಿ ಓದಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಉದಾಹರಣೆ ಸಿಗುವುದು ಕಷ್ಟ.

ಎಲ್ಲ ಬದಲಾವಣೆಗಳೂ ಮಸೂದೆಯ ಮೂಲಕ ಬರುವುದಿಲ್ಲ. ಮೆಫೆಡ್ರೋನ್ ಎಂಬ ರಾಸಾಯನಿಕ ಮಾದಕ 2015ರಲ್ಲಿ, ಟ್ರಮಡಾಲ್ ಎಂಬ ನೋವು ನಿವಾರಕ 2018ರಲ್ಲಿ ಕಾಯ್ದೆಯ ವ್ಯಾಪ್ತಿಗೆ ಸೇರಿದ್ದು ರಾಜ್ಯಪತ್ರದ ಅಧಿಸೂಚನೆಗಳಿಂದ. ಇಂಥ ಅಧಿಸೂಚನೆಗಳನ್ನು ಸದನದ ಮುಂದೆ ಮಂಡಿಸಬೇಕು, ಆದ್ದರಿಂದ ಪ್ರತಿದಿನ ಮಂಡನೆಯಾಗುವ ಕಾಗದಪತ್ರಗಳ ಪಟ್ಟಿಯಲ್ಲಿ ಹಣಕಾಸು ಸಚಿವಾಲಯದ ಸಾಲನ್ನು ಗಮನಿಸಿ. ನ್ಯಾಯಾಲಯಗಳ ತೀರ್ಪುಗಳೂ ನೀತಿಯನ್ನು ತಿರುಗಿಸುತ್ತವೆ: ಎನ್‌ಡಿಪಿಎಸ್ ಅಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂದು ಸುಪ್ರೀಂ ಕೋರ್ಟ್ 2020ರ ತೂಫಾನ್ ಸಿಂಗ್ ಪ್ರಕರಣದಲ್ಲಿ ಹೇಳಿತು.

ಅಂಕಿಗಳನ್ನು ಹೇಗೆ ನೋಡಬೇಕು

2021ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಸುಮಾರು 3,000 ಕಿಲೊ ಹೆರಾಯಿನ್ ಸಿಕ್ಕಿತು. ಇಂಥ ಒಂದೇ ವಶ ಇಡೀ ವರ್ಷದ ಅಂಕಿಯನ್ನು ಮೇಲೆತ್ತುತ್ತದೆ, ಅಷ್ಟರಿಂದ ಬಳಕೆ ಹೆಚ್ಚಿತೆಂದೋ ಕಡಿಮೆಯಾಯಿತೆಂದೋ ಹೇಳಲಾಗದು. ಕೋಟಿಗಳ ಲೆಕ್ಕ ಇನ್ನೂ ದುರ್ಬಲ, ಶುದ್ಧತೆ ಮತ್ತು ಮಾರುಕಟ್ಟೆಗೆ ತಕ್ಕಂತೆ ಅದು ಬದಲಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿ ಸ್ವಂತ ಬಳಕೆಗೆ ಇಟ್ಟುಕೊಂಡ ಪ್ರಕರಣಗಳನ್ನೂ ಸಾಗಣೆಯ ಪ್ರಕರಣಗಳನ್ನೂ ಬೇರೆ ಬೇರೆಯಾಗಿ ಕೊಡುತ್ತದೆ. ಒಟ್ಟು ಸಂಖ್ಯೆಯನ್ನು ಬಿಟ್ಟು ಈ ವಿಂಗಡಣೆಯನ್ನು ನೋಡಿ.

ಬಳಕೆಯ ಬಗ್ಗೆ ಸರ್ಕಾರದ ಉತ್ತರಗಳು ಸಾಮಾನ್ಯವಾಗಿ ಆಧರಿಸುವುದು ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯನ್ನು. ಅದರ ಪ್ರಕಾರ 10ರಿಂದ 75 ವಯಸ್ಸಿನವರಲ್ಲಿ 14.6 ಶೇಕಡ ಜನ ಮದ್ಯ, 2.8 ಶೇಕಡ ಜನ ಗಾಂಜಾ ಬಗೆಯವು, 2.1 ಶೇಕಡ ಜನ ಅಫೀಮು ಮೂಲದವನ್ನು ಬಳಸುತ್ತಿದ್ದರು. ಉತ್ತರದಲ್ಲಿ ಈ ಅಂಕಿ ಕಂಡಾಗ ಅದು ಯಾವ ವರ್ಷದ್ದೆಂದು ಗುರುತು ಹಾಕಿಕೊಳ್ಳಿ. ಮದ್ಯ ರಾಜ್ಯಗಳ ಅಬಕಾರಿ ಆದಾಯದ ಮೂಲವೂ ಆಗಿರುವುದರಿಂದ, ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ತಟ್ಟುವ ಆ ವ್ಯಸನ ಮಾದಕ ವಸ್ತುಗಳ ಚರ್ಚೆಯಿಂದ ಹೊರಗೆ ಉಳಿದುಬಿಡುತ್ತದೆ ಎಂಬುದನ್ನೂ ಗಮನಿಸಬೇಕು.

ನಿಮ್ಮ ಪ್ರಶ್ನೆಯನ್ನು ಸದನಕ್ಕೆ ತಲುಪಿಸುವುದು

ಸಂಸದರಿಗೆ ಬರೆಯುವಾಗ ಅಳಲನ್ನಷ್ಟೇ ತೋಡಿಕೊಳ್ಳದೆ, ಪ್ರಶ್ನೆಯ ರೂಪದಲ್ಲಿಯೇ ಬರೆದುಕೊಡಿ. ಪ್ರಶ್ನೆಗೆ ಕನಿಷ್ಠ 15 ದಿನಗಳ ಮುಂಚಿನ ಸೂಚನೆ ಬೇಕು, 150 ಪದ ಮೀರಬಾರದು, ಅಭಿಪ್ರಾಯ ಕೇಳಬಾರದು, ನ್ಯಾಯಾಲಯದ ಮುಂದಿರುವ ಪ್ರಕರಣವನ್ನು ಮುಟ್ಟಬಾರದು. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಪತ್ರ ಕೊಟ್ಟರೆ ಸಮಯ ಸಿಗುತ್ತದೆ. ಒಂದು ಪತ್ರದಲ್ಲಿ ಒಂದೇ ಸಚಿವಾಲಯಕ್ಕೆ ಸಂಬಂಧಿಸಿದ ಒಂದೇ ವಿಷಯವಿರಲಿ.

ಉದಾಹರಣೆಗೆ, ಸ್ವಯಂಪ್ರೇರಣೆಯಿಂದ ಚಿಕಿತ್ಸೆಗೆ ಒಳಗಾಗುವ ವ್ಯಸನಿಗೆ ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಂ ಕಾಯ್ದೆಯಲ್ಲಿದೆ. ಕಳೆದ 3 ವರ್ಷಗಳಲ್ಲಿ ಎಷ್ಟು ಜನರಿಗೆ ಈ ರಕ್ಷಣೆ ಸಿಕ್ಕಿದೆ, ರಾಜ್ಯವಾರು ವಿವರವೇನು, ಇದಕ್ಕಾಗಿ ಮಾನ್ಯತೆ ಪಡೆದ ಚಿಕಿತ್ಸಾ ಸಂಸ್ಥೆಗಳು ಯಾವುವು, ಈ ಕಲಮಿನ ಬಗ್ಗೆ ಪೊಲೀಸರಿಗೆ ಸೂಚನೆ ಹೋಗಿದೆಯೇ ಎಂದು ಹಣಕಾಸು ಸಚಿವರನ್ನು ಕೇಳಬಹುದು. ಉತ್ತರದಲ್ಲಿ ‘ಮಾಹಿತಿಯನ್ನು ಕೇಂದ್ರೀಯವಾಗಿ ನಿರ್ವಹಿಸುವುದಿಲ್ಲ’ ಎಂದು ಬಂದರೆ ಅದೂ ಒಂದು ಫಲವೇ, ಏಕೆಂದರೆ ಆ ಉತ್ತರವನ್ನು ಹಿಡಿದು ಸ್ಥಾಯಿ ಸಮಿತಿಗೆ ಮನವಿ ಬರೆಯಬಹುದು, ಶಾಸಕರ ಮೂಲಕ ಬೆಂಗಳೂರಿನಲ್ಲಿಯೋ ಬೆಳಗಾವಿಯಲ್ಲಿಯೋ ಅದೇ ಪ್ರಶ್ನೆಯನ್ನು ಗೃಹ ಇಲಾಖೆಗೆ ಕೇಳಿಸಬಹುದು, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಮಾದಕ ವಸ್ತು ಸಮನ್ವಯ ಸಮಿತಿಯ ಮುಂದೆ ಲಿಖಿತವಾಗಿ ಇಡಬಹುದು.