ಕಲಬುರಗಿಯ ಹಳೆ ವಾಡೆ ಕೊಳ್ಳುವ ಮುನ್ನ

ಹೊರದೇಶಕ್ಕೆ ಬಂದು ಕೈಯಲ್ಲಿ ನಾಲ್ಕು ದುಡ್ಡು ಕೂಡುತ್ತಿದ್ದಂತೆ ಊರಿನಿಂದ ಫೋನ್ ಬರುತ್ತದೆ: ‘ಹಳೆ ಶಹರದಾಗ ಒಂದು ವಾಡೆ ಅದ, ಆರು ಮನಿದು ಬಾಡಿಗಿ ಬರ್ತದ, 48 ಲಕ್ಷಕ್ಕ ಕೊಡ್ತಾರ.’ ಒಂದೇ ಅಂಗಳದ ಸುತ್ತ ಆರು ಒಲೆ ಉರಿಯುವ ಮನೆಗೆ ಫ್ಲಾಟಿನ ಲೆಕ್ಕ ನಡೆಯುವುದಿಲ್ಲ. ಬಾಡಿಗೆ ಎಷ್ಟು ಎನ್ನುವ ಮೊದಲು, ಇದರ ವಾರಸುದಾರರು ಎಷ್ಟು ಜನ ಎಂದು ಕೇಳಿ.

ಇಂಥ ವಾಡೆ ಒಡೆದು ಪೋರ್ಷನ್ ಆಗುವುದು ಹೆಚ್ಚಾಗಿ ಅಣ್ಣತಮ್ಮಂದಿರ ಪಾಲಿನಿಂದ. ಪಾಲುಪತ್ರ ನೋಂದಣಿ ಆಗಿದೆಯೇ ನೋಡಿ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಾದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಸಮಪಾಲು. ಅವರ ಸಹಿ ಬಿಟ್ಟ ಕ್ರಯಪತ್ರ ಮುಂದೆ ಕೋರ್ಟು ಹತ್ತಿಸುತ್ತದೆ. ವಂಶವೃಕ್ಷ ತರಿಸಿ ಒಬ್ಬೊಬ್ಬರ ಹೆಸರನ್ನೂ ತಾಳೆ ನೋಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ (ಇಸಿ) 2004ರಿಂದ ಈಚಿನದು ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೇ ಹೋಗಬೇಕು. ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿದ್ದರೆ ಓದಬಲ್ಲ ವಕೀಲರಿಂದಲೇ ಓದಿಸಿ. ಜಾಗ ವಕ್ಫ್ ಆಸ್ತಿ ಅಲ್ಲವೆಂದು ವಕ್ಫ್ ದಾಖಲೆಯನ್ನೂ ನೋಡಿಸಿ. ಕೋಟೆಯಂಥ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲಿ ಕಟ್ಟುವುದಕ್ಕೂ ಅನುಮತಿ ಬೇಕು.

ಮನೆಯನ್ನು ಮೇ ತಿಂಗಳ ಬಿಸಿಲಲ್ಲಿ ನೋಡಿ ಒಪ್ಪಬೇಡಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ಬುನಾದಿ ಅಲುಗಿದ್ದರ ಗುರುತು. ಸುಣ್ಣ ಬಳಿದು ಮುಚ್ಚಿದ್ದರೂ ಸೆಪ್ಟೆಂಬರಿನಲ್ಲಿ ಹಸಿ ಕಾಣುತ್ತದೆ. ಶಹಾಬಾದ್ ಫರಸಿ ಹಾಸಿ ಮೇಲೆ ಮಣ್ಣು ಹೊದಿಸಿದ ಮಾಳಿಗೆಯಾದರೆ ತೊಲೆಯ ತುದಿ ಗೋಡೆಯೊಳಗೆ ಹೊಕ್ಕಲ್ಲಿ ಚುಚ್ಚಿ ನೋಡಿಸಿ, ಗೆದ್ದಲು, ಕೊಳೆತ ಸೇರುವುದು ಅಲ್ಲಿಯೇ. ‘ಮೇಲೊಂದು ಮಜಲು ಎಬ್ಬಿಸಬಹುದು’ ಎಂದು ಹೇಳಿ ಬೆಲೆ ಏರಿಸಿದರೆ ಒಪ್ಪಲೇಬೇಡಿ.

ಆರೂ ಮನೆಗೆ ಒಂದೇ ಜೆಸ್ಕಾಂ ಮೀಟರ್ ಇದ್ದರೆ ಬಿಲ್ಲಿನ ಜಗಳ ತಪ್ಪದು, ಉಚಿತ ವಿದ್ಯುತ್ತಿನ ಗೃಹಜ್ಯೋತಿಯ ಲಾಭವೂ ಒಬ್ಬೊಬ್ಬರಿಗೆ ಬೇರೆಯಾಗಿ ಸಿಗದು. ಮನೆಗೊಂದು ಪ್ರತ್ಯೇಕ ಆರ್‌ಆರ್ ನಂಬರಿನ (ವಿದ್ಯುತ್ ಸಂಪರ್ಕ ಸಂಖ್ಯೆ) ಖರ್ಚನ್ನು ಬೆಲೆಯಲ್ಲಿ ಕಡಿಸಿ. ಬಾಡಿಗೆದಾರರು ಕೊಟ್ಟ ಡಿಪಾಸಿಟ್ಟನ್ನೂ ಹಾಗೆಯೇ, ನಾಳೆ ಅವರು ಕೇಳುವುದು ನಿಮ್ಮನ್ನೇ.

ಈಗ ಲೆಕ್ಕ. 48 ಲಕ್ಷಕ್ಕೆ ಮುದ್ರಾಂಕ, ನೋಂದಣಿ ಶೇ 7.6 ಸೇರಿದರೆ ಸುಮಾರು 51.65 ಲಕ್ಷ. ಮನೆಗೆ 5,000ದಂತೆ ವರ್ಷಕ್ಕೆ 3.6 ಲಕ್ಷ, ಒಂದು ತಿಂಗಳು ಖಾಲಿ ಎಂದು 30 ಸಾವಿರ, ತೆರಿಗೆ, ರಿಪೇರಿ, ನೋಡಿಕೊಳ್ಳುವವರಿಗೆ 80 ಸಾವಿರ ಕಳೆದರೆ 2.5 ಲಕ್ಷ, ಅಂದರೆ ಶೇ 4.8. ಮಾಲೀಕ ಅನಿವಾಸಿಯಾದರೆ ಬಾಡಿಗೆದಾರರು ಸಾಮಾನ್ಯವಾಗಿ ಬಾಡಿಗೆಯಲ್ಲೇ ಶೇ 31.2 ತೆರಿಗೆ (ಟಿಡಿಎಸ್) ಹಿಡಿಯಬೇಕು. ಹೆಚ್ಚು ಹಿಡಿದದ್ದು ರಿಟರ್ನ್ ಸಲ್ಲಿಸಿದ ಮೇಲೆ ವಾಪಸು. ಇಷ್ಟಕ್ಕೆ ನಿಮ್ಮ ಎಫ್‌ಡಿ ಬಡ್ಡಿಯೇ ಮೇಲೆನಿಸಿದರೆ ಬೆಲೆ ಇಳಿಸಲು ಹೇಳಿ.

ಸಹಿಗೆ ಬರಲಾಗದಿದ್ದರೆ ಈ ಒಂದೇ ಕೆಲಸಕ್ಕೆ ಸೀಮಿತವಾದ ಮುಖ್ತಿಯಾರ್‌ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸಿ, ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ. ಭಾರತಕ್ಕೆ ಮುಟ್ಟಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಿ.